‘ದಿ ಸ್ಕ್ರೀಮ್’ ಮೇಲಿನ ಗೀಚು ಕಿಡಿಗೇಡಿಯದಲ್ಲ

ನಾರ್ವೆಯ ಚಿತ್ರಕಲಾವಿದ ಎಡ್ವರ್ಡ್ ಮುಂಕ್ ಅವರ ‘ದಿ ಸ್ಕ್ರೀಮ್’ ಚಿತ್ರವನ್ನು ಯಾರೋ ಕಿಡಿಗೇಡಿ ಕೆಡಿಸಿದ್ದಾನೆ ಎಂಬ ಮಾತು ಈಗಲೂ ಹರಿದಾಡುತ್ತಿದೆ. ಇದು ಹಳೇ ಊಹೆ. 2021ರಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ.

ಓಸ್ಲೋದ ನ್ಯಾಷನಲ್ ಮ್ಯೂಸಿಯಂನಲ್ಲಿರುವ 1893ರ ಚಿತ್ರದ ಎಡ ಮೇಲ್ಮೂಲೆಯಲ್ಲಿ, ಕೆಂಪು ಆಕಾಶದ ಮೇಲೆ, ಪೆನ್ಸಿಲ್‌ನಲ್ಲಿ ಒಂದು ಪುಟ್ಟ ಸಾಲಿದೆ: ‘ಹುಚ್ಚನೊಬ್ಬ ಮಾತ್ರ ಇದನ್ನು ಚಿತ್ರಿಸಿರಲು ಸಾಧ್ಯ!’ ಹತ್ತಿರ ಹೋಗಿ ನೋಡಿದರೂ ಸುಲಭಕ್ಕೆ ಕಾಣದು. 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ಪ್ರದರ್ಶನ ನಡೆದಾಗ ಜನ ಇದನ್ನು ಗಮನಿಸಿದ್ದರು. ನೋಡಲು ಬಂದ ಯಾರೋ ಸಿಟ್ಟಿನಲ್ಲಿ ಗೀಚಿರಬೇಕು ಎಂದುಕೊಂಡರು.

ಮ್ಯೂಸಿಯಂನವರು ಇನ್‌ಫ್ರಾರೆಡ್ ಕ್ಯಾಮೆರಾದಿಂದ ಆ ಸಾಲಿನ ಸ್ಪಷ್ಟ ಫೋಟೊ ತೆಗೆದು, ಮುಂಕ್ ಅವರ ಡೈರಿ ಮತ್ತು ಪತ್ರಗಳ ಜೊತೆ ಹೋಲಿಸಿದರು. ಅಕ್ಷರ ಮುಂಕ್ ಅವರದ್ದೇ. ಬಣ್ಣ ಒಣಗಿದ ಮೇಲೆ ಬರೆದದ್ದು.

ಯಾಕೆ ಬರೆದರು? 1895ರಲ್ಲಿ ಈ ಚಿತ್ರ ಅವರ ಊರಿನಲ್ಲೇ ಪ್ರದರ್ಶನಕ್ಕೆ ಬಂದಿತ್ತು. ಆಗ ನಡೆದ ಚರ್ಚೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅವರ ಮನಸ್ಸಿನ ಸ್ಥಿತಿಯ ಬಗ್ಗೆಯೇ ಪ್ರಶ್ನೆ ಎತ್ತಿದ್ದ. ಆ ನೋವಿಗೇ ಈ ಸಾಲು ಹುಟ್ಟಿರಬೇಕು ಎನ್ನುತ್ತಾರೆ ಮ್ಯೂಸಿಯಂನವರು. ನನಗೂ ಅದು ಸರಿ ಅನಿಸುತ್ತದೆ. ತಂಗಿಯ ಮಾನಸಿಕ ಕಾಯಿಲೆಯನ್ನು ಕಣ್ಣಾರೆ ಕಂಡವರಿಗೆ ಆ ಮಾತು ಎಷ್ಟು ಚುಚ್ಚಿರಬೇಡ, ಅಲ್ವಾ?