ಇಲ್ಲೇ ಚಿತ್ರೀಕರಿಸಬೇಕು ಎಂಬ ಒಂದು ಷರತ್ತು

ಫಿಲ್ಮ್ ಸಿಟಿಯ ಸುದ್ದಿ ಬಂದಾಗಲೆಲ್ಲ ನನಗೆ ಅಮೆರಿಕದ ಶ್ರೀವ್‌ಪೋರ್ಟ್ ನೆನಪಾಗುತ್ತದೆ. ಲೂಯಿಸಿಯಾನ ರಾಜ್ಯದ ವಾಯವ್ಯ ಮೂಲೆಯಲ್ಲಿ ರೆಡ್ ರಿವರ್ ದಂಡೆಯ ಮೇಲಿರುವ ಊರು. ಜನಸಂಖ್ಯೆ ಎರಡು ಲಕ್ಷವೂ ಇಲ್ಲ, ನಮ್ಮ ಶಿವಮೊಗ್ಗಕ್ಕಿಂತ ಚಿಕ್ಕದು. ಅಲ್ಲಿ 2012ರಲ್ಲಿ ಶುರುವಾದ ಕಿರುಚಿತ್ರ ಸ್ಪರ್ಧೆಯೊಂದರ ಬಗ್ಗೆ ಓದುತ್ತಾ ಹೋದಂತೆ, ಸಿನಿಮಾದ ಹೆಸರಿನಲ್ಲಿ ಎಕರೆ ಅಳೆಯುವ ನಮ್ಮ ಸರ್ಕಾರಗಳಿಗೆ ಇದನ್ನು ಯಾರಾದರೂ ಹೇಳಲೇಬೇಕು ಎನ್ನಿಸಿತು.

ಅಲ್ಲಿಗೆ ಸಿನಿಮಾ ಬಂದದ್ದು ತೆರಿಗೆಯ ದಾರಿಯಲ್ಲಿ. ತನ್ನ ನೆಲದಲ್ಲಿ ಚಿತ್ರ ತಯಾರಿಸುವವರಿಗೆ ಲೂಯಿಸಿಯಾನ 2002ರಲ್ಲಿ ಭಾರೀ ತೆರಿಗೆ ರಿಯಾಯಿತಿ ಕೊಟ್ಟಿತು. ಹಾಲಿವುಡ್ಡಿನ ಯೂನಿಟ್‌ಗಳು ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದವು. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತಕ್ಕೆ ಆ ನಗರ ಮುಳುಗಿದಾಗ, ಅದೇ ರಿಯಾಯಿತಿ ಸಿಗುವ ಇನ್ನೊಂದು ಊರು ಬೇಕಾಯಿತು. ಹಾಗೆ ಶ್ರೀವ್‌ಪೋರ್ಟ್‌ಗೆ ಲಾರಿಗಟ್ಟಲೆ ಕ್ಯಾಮೆರಾ, ಲೈಟು, ನಟರು ಬಂದರು. ಮುಂದೆ ದೊಡ್ಡ ಸ್ಟುಡಿಯೋವೂ ಎದ್ದಿತು. 2015ರಲ್ಲಿ ರಾಜ್ಯ ಸರ್ಕಾರ ಈ ರಿಯಾಯಿತಿಗೆ ವರ್ಷಕ್ಕೆ 18 ಕೋಟಿ ಡಾಲರ್ ಎಂಬ ಮಿತಿ ಹಾಕಿದ್ದೇ ತಡ, ಯೂನಿಟ್‌ಗಳು ಜಾರ್ಜಿಯಾದಂಥ ರಾಜ್ಯಗಳ ಕಡೆಗೆ ಹೊರಟವು. ಬೇರೆ ಕಡೆಯಿಂದ ಬಂದವರಿಗೆ ಆ ಊರಿನಲ್ಲಿ ಇದ್ದ ನಂಟು ಲೆಕ್ಕಪತ್ರದ್ದು ಮಾತ್ರ. ಲೆಕ್ಕ ಸರಿಹೋಗದಿದ್ದರೆ ಅವರು ಹೋಗುವುದೇ ಸಹಜ.

ಆ ಸ್ಪರ್ಧೆ ಶುರುವಾದದ್ದು ಇನ್ನೂ ಯೂನಿಟ್‌ಗಳ ಓಡಾಟ ಇದ್ದ ಕಾಲದಲ್ಲೇ. ಸಾಕ್ಷ್ಯಚಿತ್ರ ನಿರ್ದೇಶಕ ಗ್ರೆಗರಿ ಕಾಲೆನ್‌ಬರ್ಗ್ ಹುಟ್ಟುಹಾಕಿದ ಅದರ ಹೆಸರು ಲೂಯಿಸಿಯಾನ ಫಿಲ್ಮ್ ಪ್ರೈಜ್. ಐದರಿಂದ ಹದಿನೈದು ನಿಮಿಷದ ಕಿರುಚಿತ್ರ, ಗೆದ್ದವರಿಗೆ 50,000 ಡಾಲರ್ ನಗದು. ನಮ್ಮ ಲೆಕ್ಕದಲ್ಲಿ ನಲವತ್ತು ಲಕ್ಷ ರೂಪಾಯಿಗೂ ಮಿಗಿಲು. ಸ್ಪರ್ಧಿ ಯಾವ ಊರಿನವನೇ ಆಗಿರಲಿ, ಯಾವ ಕತೆಯನ್ನೇ ಹೇಳಲಿ, ಚಿತ್ರೀಕರಣ ಮಾತ್ರ ಶ್ರೀವ್‌ಪೋರ್ಟ್ ಸುತ್ತಮುತ್ತಲ ವಾಯವ್ಯ ಲೂಯಿಸಿಯಾನದಲ್ಲೇ ನಡೆಯಬೇಕು.

ಈ ಷರತ್ತಿನ ಫಲ ಏನೆಂದು ಯೋಚಿಸಿ ನೋಡಿ. ಹೊರಗಿನಿಂದ ಬಂದವನಿಗೂ ಸ್ಥಳೀಯ ಲೈಟ್‌ಬಾಯ್ ಬೇಕು, ಧ್ವನಿ ಹಿಡಿಯುವವನು ಬೇಕು, ಅಡುಗೆಯವನು ಬೇಕು, ಒಂದು ದಿನದ ಮಟ್ಟಿಗೆ ಅಂಗಡಿ ಬಿಟ್ಟುಕೊಡುವ ಮಾಲೀಕ ಬೇಕು. ಒಂದು ಚಿತ್ರಕ್ಕೆ ಬೂಮ್ ಮೈಕು ಹಿಡಿದ ಹುಡುಗಿ ಮುಂದಿನ ವರ್ಷ ತನ್ನದೇ ಕತೆ ಬರೆದು ತರಬಹುದು. ಹೋಟೆಲಿನವನಿಗೆ ಶೂಟಿಂಗ್ ಎಂದರೆ ಏನೆಂದು ಗೊತ್ತಾಗಿರುತ್ತದೆ. ಉದ್ಯಮ ಎನ್ನುವುದು ಮೊದಲು ಇಂಥ ಪರಿಚಯಗಳಲ್ಲಿ ಹುಟ್ಟುತ್ತದೆ, ಆಮೇಲೆ ಕಟ್ಟಡದಲ್ಲಿ.

ನನಗೆ ಇನ್ನೂ ಇಷ್ಟವಾದದ್ದು ಅಲ್ಲಿನ ಮತದಾನ. ಬಂದ ಚಿತ್ರಗಳಲ್ಲಿ ಇಪ್ಪತ್ತನ್ನು ಆರಿಸಿ, ಅಕ್ಟೋಬರಿನ ಉತ್ಸವದಲ್ಲಿ ಊರಿನ ನಡುಮಧ್ಯೆ ತೋರಿಸುತ್ತಾರೆ. ಗೆಲ್ಲುವವರನ್ನು ತೀರ್ಪುಗಾರರಷ್ಟೇ ನಿರ್ಧರಿಸುವುದಿಲ್ಲ, ಅರ್ಧ ತೂಕ ಪ್ರೇಕ್ಷಕರ ಮತಕ್ಕಿದೆ. ಆದರೆ ಮತ ಹಾಕಬೇಕಾದರೆ ಸ್ಪರ್ಧೆಯ ಎಲ್ಲ ಚಿತ್ರಗಳನ್ನೂ ನೋಡಿರಬೇಕು. ತಮ್ಮನ ಚಿತ್ರಕ್ಕೆ ಮತ ಹಾಕಲು ಬಂದ ಅಕ್ಕ ಉಳಿದ ಹತ್ತೊಂಬತ್ತು ಅಪರಿಚಿತರ ಕೆಲಸವನ್ನೂ ಕೂತು ನೋಡಬೇಕು. ಸ್ಪರ್ಧಿಗಳು ಚಿತ್ರಮಂದಿರದ ಹೊರಗೆ ಪೋಸ್ಟರ್ ಹಿಡಿದು, ಬಂದವರೊಡನೆ ಮಾತಾಡಿ ಮತ ಕೇಳುತ್ತಾರೆ. ಕಿರುಚಿತ್ರಕ್ಕೆ ಊರಿನಲ್ಲಿ ಪ್ರೇಕ್ಷಕವರ್ಗ ಹೀಗೆ ತಯಾರಾಗುತ್ತದೆ. ನಮ್ಮಲ್ಲಿ ಸ್ಪರ್ಧೆ ಎಂದರೆ ಚಿತ್ರವನ್ನು ಕಳಿಸಿ ಫಲಿತಾಂಶಕ್ಕೆ ಕಾಯುವುದು, ಕೊನೆಗೊಂದು ಸಭಾಂಗಣದಲ್ಲಿ ಹಾರ, ಶಾಲು, ಸ್ಮರಣಿಕೆ. ಎಷ್ಟೋ ಸಲ ಗೆದ್ದ ಚಿತ್ರವನ್ನು ಆ ಊರಿನವರೇ ನೋಡಿರುವುದಿಲ್ಲ.

ಈ ಸ್ಪರ್ಧೆಗೂ ಮಿತಿಗಳಿವೆ. ಗೆಲ್ಲುವುದು ಒಬ್ಬರು, ಉಳಿದವರದು ಕೈಯಿಂದ ಹಾಕಿದ ದುಡ್ಡು. ಕಿರುಚಿತ್ರಗಳಿಂದಲೇ ಕುಟುಂಬಗಳು ಬದುಕಲಾರವು. ಆದರೂ ಆ ಊರು ಬಿಟ್ಟುಕೊಡಲಿಲ್ಲ, ಶಾಲಾ ಮಕ್ಕಳಿಗೂ ಇದೇ ಬಗೆಯ ಸ್ಪರ್ಧೆ ಶುರುವಾಯಿತು. ಖಾಲಿ ಬಿದ್ದ ಸ್ಟುಡಿಯೋಗೆ 2024ರಲ್ಲಿ ರ‍್ಯಾಪ್ ಗಾಯಕ 50 ಸೆಂಟ್ ಬಂದು ಗುತ್ತಿಗೆಗೆ ಪಡೆದದ್ದು ದೊಡ್ಡ ಸುದ್ದಿಯಾಯಿತು. ಒಳ್ಳೆಯದೇ. ಆದರೆ ನಡುವಿನ ಬರಗಾಲದಲ್ಲಿ ಊರಿನವರ ಕೈಯಲ್ಲಿ ಕ್ಯಾಮೆರಾ ಉಳಿಸಿದ್ದರಲ್ಲಿ ಈ ಸ್ಪರ್ಧೆಯ ಪಾಲು ದೊಡ್ಡದು ಎಂದೇ ನಾನು ನಂಬುತ್ತೇನೆ.

ಈಗ ನಮ್ಮ ಕಡೆಗೆ ಬರೋಣ. ಫಿಲ್ಮ್ ಸಿಟಿ ಎಲ್ಲಿ ಎಂಬ ಪ್ರಶ್ನೆಗೆ ರಾಮನಗರ, ಬೆಂಗಳೂರು, ಮೈಸೂರು ಎಂದು ಸರ್ಕಾರದಿಂದ ಸರ್ಕಾರಕ್ಕೆ ಉತ್ತರ ಬದಲಾಗಿದೆ. 2025ರ ಬಜೆಟ್‌ನಲ್ಲಿ ಮೈಸೂರಿನ 150 ಎಕರೆಯಲ್ಲಿ ಖಾಸಗಿ ಸಹಭಾಗಿತ್ವದ 500 ಕೋಟಿ ರೂಪಾಯಿಯ ಯೋಜನೆ ಎಂದಿತು. ಮೈಸೂರಿಗೆ ಅದು ಬರಲಿ, ನನ್ನ ತಕರಾರಿಲ್ಲ. ಆದರೆ ವರ್ಷಕ್ಕೆ ತಲಾ ಐವತ್ತು ಲಕ್ಷದ ಬಹುಮಾನವನ್ನು ರಾಜ್ಯದ ಹತ್ತು ಊರುಗಳಲ್ಲಿ ಇಟ್ಟರೆ, ಅಷ್ಟೇ ಮೊತ್ತದಲ್ಲಿ ನೂರು ವರ್ಷ ನಡೆಸಬಹುದು. ಈ ಲೆಕ್ಕವನ್ನು ವಿಧಾನಸೌಧದಲ್ಲಿ ಯಾರಾದರೂ ಒಮ್ಮೆ ಮಾಡಲಿ.

ಧಾರವಾಡದ ನನ್ನ ಪರಿಚಯದ ಹುಡುಗನೊಬ್ಬ ಕತೆ ಬರೆದಿದ್ದಾನೆ. ಸಪ್ತಾಪುರದ ಕೋಚಿಂಗ್ ಕೇಂದ್ರಕ್ಕೆ ಹೋಗುತ್ತಾ ನಾಲ್ಕನೇ ಸಲ ಕೆಎಎಸ್ ಪರೀಕ್ಷೆಗೆ ಕೂತ ಯುವಕ, ಅವನ ಊಟದ ಬಾಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಖಾನಾವಳಿಯ ಅಕ್ಕ. ಬಾಕಿ ಏರುತ್ತಿದ್ದರೂ ತಟ್ಟೆಗೆ ಬೀಳುವ ರೊಟ್ಟಿ ಕಡಿಮೆಯಾಗುವುದಿಲ್ಲ. ಬೆಂಗಳೂರಿನ ನಿರ್ಮಾಪಕರೊಬ್ಬರು ಕತೆ ಕೇಳಿ ಮೆಚ್ಚಿದರು, ಖಾನಾವಳಿಯ ಬದಲು ಬೆಂಗಳೂರಿನ ಪಿ.ಜಿ. ಮಾಡಿಕೊಂಡು ಬನ್ನಿ ಎಂದರು. ಯೂನಿಟ್ ಅಷ್ಟು ದೂರ ಹೋಗುವ ಖರ್ಚು ಹೊರಲಾಗದು ಎಂಬುದು ಅವರ ಕಷ್ಟ. ಆದರೆ ಪಿ.ಜಿ.ಗೆ ಮುಂಗಡ ಕಟ್ಟದೆ ಕಾಲಿಡುವಂತಿಲ್ಲ, ಅಲ್ಲಿ ಆ ಅಕ್ಕನೂ ಇಲ್ಲ, ಆ ಕ್ಯಾಲೆಂಡರೂ ಇಲ್ಲ. ಕತೆಯೇ ಹೋಯಿತು. ಇಲ್ಲೇ ಚಿತ್ರೀಕರಿಸಬೇಕು ಎಂಬ ಷರತ್ತಿನ ಸ್ಪರ್ಧೆ ಧಾರವಾಡದಲ್ಲಿದ್ದಿದ್ದರೆ ಆ ಖಾನಾವಳಿಯೇ ಅವನ ಬಲವಾಗುತ್ತಿತ್ತು.

ಊರೊಂದು ತನ್ನ ಚಿತ್ರರಂಗವನ್ನು ತಾನೇ ಕಟ್ಟಿಕೊಳ್ಳಬಲ್ಲದು ಎಂಬುದಕ್ಕೆ ನಾವು ಮಂಗಳೂರಿನ ಆಚೆಗೆ ಹೋಗಬೇಕಿಲ್ಲ. ತುಳು ಸಿನಿಮಾ ಶುರುವಾದದ್ದು 1971ರಲ್ಲಿ. ವರ್ಷಗಟ್ಟಲೆ ಕುಂಟುತ್ತಿದ್ದದ್ದು 2011ರ ನಂತರ ಚೇತರಿಸಿಕೊಂಡದ್ದು ತುಳು ರಂಗಭೂಮಿಯ ನಟರು, ಕತೆಗಾರರು ಮತ್ತು ಆ ನಾಟಕಗಳ ಪ್ರೇಕ್ಷಕರ ಬಲದಿಂದ. ಧಾರವಾಡಕ್ಕೆ, ಕಲಬುರಗಿಗೆ, ಶಿವಮೊಗ್ಗಕ್ಕೆ ನಾಟಕ ಗೊತ್ತಿಲ್ಲವೇ? ಗೊತ್ತಿದೆ. ಕಲಿತ ಮಕ್ಕಳು ಗಾಂಧಿನಗರಕ್ಕೆ ಬಸ್ಸು ಹತ್ತುವುದೊಂದೇ ದಾರಿ ಎಂದು ನಾವೇ ಮಾಡಿಟ್ಟಿದ್ದೇವೆ.

ಅವರ ಸ್ಪರ್ಧೆಯನ್ನು ಹಾಗೆಯೇ ಎತ್ತಿ ತರುವುದೂ ಬೇಡ. ನಮ್ಮಲ್ಲಿ ಕೈಯಿಂದ ಹಣ ಹಾಕಿ ಚಿತ್ರ ಮಾಡಬಲ್ಲವರು ಕಡಿಮೆ, ಹಾಗಾಗಿ ಶುರುವಾಗಬೇಕಾದದ್ದು ಚಿತ್ರಕತೆಯಿಂದ. ನಮ್ಮಲ್ಲಿ ಸಹಾಯಧನದ ಮಾತು ಬರುವುದು ಚಿತ್ರ ಮುಗಿದ ಮೇಲೆ, ಆ ಹೊತ್ತಿಗೆ ಬಡ ಬರಹಗಾರ ಕಣದಲ್ಲೇ ಇರುವುದಿಲ್ಲ. ಮೊದಲ ಸುತ್ತಿನಲ್ಲಿ ಜಿಲ್ಲೆಯೊಳಗೇ ಚಿತ್ರೀಕರಿಸಬಹುದಾದ ಹತ್ತು ಚಿತ್ರಕತೆಗಳನ್ನು ಆರಿಸಿ ತಲಾ ಎರಡು ಲಕ್ಷ ರೂಪಾಯಿ ಮೊದಲೇ ಕೊಡಲಿ. ತಯಾರಾದ ಚಿತ್ರಗಳನ್ನು ಊರಿನಲ್ಲಿ ಉಳಿದಿರುವ ಏಕಪರದೆ ಚಿತ್ರಮಂದಿರದಲ್ಲಿ ಮೂರು ದಿನ ತೋರಿಸಲಿ, ಹತ್ತನ್ನೂ ನೋಡಿದವರಿಗೆ ಮಾತ್ರ ಮತ. ನಡೆಸುವ ಹೊಣೆ ಊರಿನ ರಂಗತಂಡಗಳಿಗೂ ಕಾಲೇಜುಗಳಿಗೂ ಇರಲಿ. ಚಲನಚಿತ್ರ ಅಕಾಡೆಮಿ ಇದನ್ನು ಈ ವರ್ಷ ಒಂದೇ ಊರಿನಲ್ಲಿ ಮಾಡಿ ನೋಡಲಿ. ಆ ಊರು ಧಾರವಾಡವಾಗಲಿ ಎಂಬುದು ನನ್ನ ಆಸೆ, ಕಲಬುರಗಿಯಾದರೂ ಅಷ್ಟೇ ಸಂತೋಷ.