ಡಬ್ಲಿನ್‌ನ ಆಚೆಗೆ ಕೆಲಸ ಹೋಗುವುದು ಹೇಗೆ

ವಿದೇಶಿ ಬಂಡವಾಳದ ಚರ್ಚೆ ಎದ್ದಾಗಲೆಲ್ಲ ಐರ್ಲೆಂಡಿನ ಶೇ. 12.5ರ ಕಂಪನಿ ತೆರಿಗೆಯ ಮಾತು ಬಂದೇ ಬರುತ್ತದೆ. 2003ರಿಂದ ಇರುವ ದರ ಅದು. ವರ್ಷಕ್ಕೆ 75 ಕೋಟಿ ಯೂರೋಗಿಂತ ಹೆಚ್ಚು ವಹಿವಾಟು ಇರುವ ಗುಂಪುಗಳಿಗೆ 2024ರಿಂದ ಶೇ. 15 ಆಗಿದೆ. ಆದರೆ ಡಬ್ಲಿನ್‌ಗೂ ಲೀಟ್ರಿಮ್ ಕೌಂಟಿಗೂ ದರ ಒಂದೇ ತಾನೆ? ಕಂಪನಿ ಐರ್ಲೆಂಡಿಗೆ ಬಂದದ್ದೇಕೆ ಎಂಬುದನ್ನು ತೆರಿಗೆ ಹೇಳೀತು, ರಾಜಧಾನಿ ಬಿಟ್ಟು ಸ್ಲೈಗೊಗೋ ಟ್ರಲೀಗೋ ಹೋದದ್ದೇಕೆ ಎಂಬುದನ್ನು ಹೇಳುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಈ ಎರಡನೇ ಪ್ರಶ್ನೆ.

1949ರಲ್ಲಿ ಹುಟ್ಟಿದ ಐಡಿಎ, ವಿದೇಶಿ ಕಂಪನಿಗಳನ್ನು ಐರ್ಲೆಂಡಿಗೆ ಕರೆತರಲೆಂದೇ ಇರುವ ಸರ್ಕಾರಿ ಸಂಸ್ಥೆ. ಅದು ಕರೆತಂದ ಕಂಪನಿಗಳಲ್ಲಿ ಇವತ್ತು 3 ಲಕ್ಷ ಜನ ದುಡಿಯುತ್ತಿದ್ದಾರೆ. 2025–29ರ ಯೋಜನೆಯಲ್ಲಿ 1,000 ಹೂಡಿಕೆಗಳ ಗುರಿಯಿದೆ, ಅದರಲ್ಲಿ 550 ಪ್ರಾದೇಶಿಕ ಊರುಗಳಿಗೆ.

ಕಂಪನಿಗಳು ಮೊದಲು ಲೆಕ್ಕ ಹಾಕುವುದು ಸಮಯವನ್ನು. ಕಟ್ಟಡಕ್ಕೆ ಅರ್ಜಿ ಹಾಕಿದರೆ ಕೌಂಟಿ ಕೌನ್ಸಿಲ್ ತೀರ್ಮಾನಕ್ಕೆ 8 ವಾರ. ಹೆಚ್ಚಿನ ಮಾಹಿತಿ ಕೇಳಿದರೆ ಆ ಗಡಿಯಾರ ಅಲ್ಲೇ ನಿಲ್ಲುತ್ತದೆ. ಅನುಮತಿ ಸಿಕ್ಕ ಮೇಲೂ, ಅರ್ಜಿಯ ಬಗ್ಗೆ ಮೊದಲೇ ಕೌನ್ಸಿಲ್‌ಗೆ ಲಿಖಿತ ಅಭಿಪ್ರಾಯ ಕೊಟ್ಟವರು 4 ವಾರದೊಳಗೆ ಮೇಲ್ಮನವಿ ಹಾಕಬಹುದು. ಅದರ ಇತ್ಯರ್ಥಕ್ಕೆ 18 ವಾರದ ಗುರಿ ಇತ್ತು, ಅದು ತಪ್ಪಿದ್ದೇ ಹೆಚ್ಚು. ಗಾಲ್ವೇ ಕೌಂಟಿಯ ಅಥೆನ್‌ರೈಯಲ್ಲಿ 85 ಕೋಟಿ ಯೂರೋ ವೆಚ್ಚದ ಡೇಟಾ ಸೆಂಟರ್ ಕಟ್ಟುವುದಾಗಿ ಆ್ಯಪಲ್ 2015ರಲ್ಲಿ ಘೋಷಿಸಿತು. ಅದೇ ವರ್ಷ ಕೌನ್ಸಿಲ್ ಒಪ್ಪಿತು, 2016ರಲ್ಲಿ ಮೇಲ್ಮನವಿ ಮಂಡಳಿ ಒಪ್ಪಿತು, 2017ರಲ್ಲಿ ಹೈಕೋರ್ಟೂ ಒಪ್ಪಿತು. 2018ರ ಮೇ ತಿಂಗಳಲ್ಲಿ ಆ್ಯಪಲ್ ಯೋಜನೆಯನ್ನೇ ಕೈಬಿಟ್ಟಿತು. ಎಲ್ಲ ಹಂತದಲ್ಲೂ ಗೆದ್ದು ಕೊನೆಗೆ ಊರಿಗೆ ಏನೂ ದಕ್ಕಲಿಲ್ಲ.

ಹಾಗಾಗಿಯೇ ಗಿರಾಕಿ ಬರುವ ಮುಂಚೆ ಕಟ್ಟಡ ಎಬ್ಬಿಸುವ ಐಡಿಎ ಪದ್ಧತಿಯನ್ನು ನಾನು ಗಟ್ಟಿಯಾಗಿ ಸಮರ್ಥಿಸುತ್ತೇನೆ. ಜಾಗ, ಅನುಮತಿ, ರಸ್ತೆ, ನೀರು, ವಿದ್ಯುತ್, ಗೋಡೆ, ಚಾವಣಿ ಎಲ್ಲ ತಯಾರಿರುತ್ತದೆ. ಒಳಗಿನ ಕೆಲಸವನ್ನು ಮಾತ್ರ ಬೇಕೆಂದೇ ಬಿಟ್ಟಿರುತ್ತಾರೆ, ಏಕೆಂದರೆ ವೈದ್ಯಕೀಯ ಉಪಕರಣ ಮಾಡುವವರಿಗೆ ಧೂಳು ಸೋಕದ ಕ್ಲೀನ್‌ರೂಮ್ ಬೇಕು, ಸಾಫ್ಟ್‌ವೇರಿನವರಿಗೆ ಅದು ದಂಡ. ಕೆಲವು ಕಟ್ಟಡಗಳು ವರ್ಷಗಟ್ಟಲೆ ಖಾಲಿ ಬೀಳುತ್ತವೆ, ಸ್ಥಳೀಯ ಪತ್ರಿಕೆಗಳು ಬೈಯುತ್ತವೆ. ಬೈಯಲಿ. ತೋರಿಸಲು ಕಟ್ಟಡವೇ ಇಲ್ಲದ ಊರು ಕಂಪನಿಯ ಪಟ್ಟಿಗೇ ಬರುವುದಿಲ್ಲ. ನಿಜವಾದ ಎಡವಟ್ಟು ಬೇರೆ ಕಡೆ ಇದೆ: ಕಟ್ಟಡ ಎದ್ದಿರುತ್ತದೆ, ಆದರೆ ಊರಿನ ಕೊಳಚೆ ನೀರಿನ ಘಟಕಕ್ಕೆ ಇನ್ನಷ್ಟು ಹೊರೆ ತಾಳುವ ಶಕ್ತಿ ಇರುವುದಿಲ್ಲ, ಬರುವ ನೌಕರರಿಗೆ ಬಾಡಿಗೆ ಮನೆ ಇರುವುದಿಲ್ಲ. ಇವೆರಡೂ ಐಡಿಎ ಕೈಯಲ್ಲಿಲ್ಲ.

ಪ್ರಾದೇಶಿಕ ಅನುದಾನ ಎಲ್ಲ ಊರಿಗೂ ಸಿಗುತ್ತದೆ, ಷರತ್ತೇ ಇಲ್ಲ ಎಂಬ ತಪ್ಪು ಕಲ್ಪನೆಯೂ ಇದೆ. ಯೂರೋಪಿಯನ್ ಒಕ್ಕೂಟದ ಪ್ರಾದೇಶಿಕ ನೆರವಿನ ನಕ್ಷೆಯೊಳಗೆ ಬರುವ ಊರುಗಳಿಗಷ್ಟೇ ಆ ನೆರವು. ದೊಡ್ಡ ಕಂಪನಿಯಾದರೆ ಹೂಡಿಕೆಯನ್ನು 5 ವರ್ಷ ಅಲ್ಲೇ ಉಳಿಸಿಕೊಳ್ಳಬೇಕು. ಒಪ್ಪಂದ ಮುರಿದರೆ ಹಣ ವಾಪಸ್ ಕೇಳಬಹುದು. 5 ವರ್ಷ ಕಳೆದ ಮೇಲೆ ಕಂಪನಿಯನ್ನು ಹಿಡಿದಿಡುವುದು ಊರಿನ ಜನರ ಕಸುಬು ಮಾತ್ರ.

ಇದಕ್ಕೆ ಗಾಲ್ವೇಯೇ ಸಾಕ್ಷಿ. 1971ರಲ್ಲಿ ಬಂದ ‘ಡಿಜಿಟಲ್’ ಎಂಬ ಅಮೆರಿಕದ ಕಂಪನಿ 1993ರಲ್ಲಿ ಕಂಪ್ಯೂಟರ್ ತಯಾರಿಕೆ ನಿಲ್ಲಿಸಿದಾಗ ಸುಮಾರು 780 ಕೆಲಸ ಹೋಯಿತು. ಆದರೆ ಅಲ್ಲಿ ಪಳಗಿದ ಎಂಜಿನಿಯರುಗಳು, ಪಕ್ಕದಲ್ಲೇ ವಿಶ್ವವಿದ್ಯಾಲಯ ಮತ್ತು ತಾಂತ್ರಿಕ ಕಾಲೇಜು, 1982ರಿಂದ ಇದ್ದ, ವೈದ್ಯಕೀಯ ಉಪಕರಣ ಮಾಡುವ ಸಿ.ಆರ್. ಬಾರ್ಡ್ ಘಟಕ ಉಳಿದವು. 1994ರಲ್ಲಿ ಅದೇ ಕಸುಬಿನ ಬಾಸ್ಟನ್ ಸೈಂಟಿಫಿಕ್ ಬಂತು. ಬಾರ್ಡ್‌ನ ಘಟಕ ಕೈಬದಲಾಗಿ 1999ರಲ್ಲಿ ಮೆಡ್‌ಟ್ರಾನಿಕ್ ಪಾಲಾಯಿತು. ಆ ಘಟಕಗಳಿಂದ ಹೊರಬಿದ್ದವರು ಸ್ವಂತ ಕಂಪನಿಗಳನ್ನು ಕಟ್ಟಿದರು. ಲಿಮರಿಕ್‌ನಲ್ಲೂ 2009ರಲ್ಲಿ ಡೆಲ್ ತಯಾರಿಕೆಯನ್ನು ಪೋಲೆಂಡಿಗೆ ಒಯ್ದು 1,900 ಜನರನ್ನು ಕೈಬಿಟ್ಟಿತು. ಭಾಗ ಪೂರೈಸುತ್ತಿದ್ದ ಸಣ್ಣ ಕಂಪನಿಗಳಿಗೂ ಪೆಟ್ಟು ಬಿತ್ತು. ಕೆಲ ವರ್ಷಗಳ ಬಳಿಕ ರಹೀನ್ ಬಡಾವಣೆಯಲ್ಲಿ ಡೆಲ್ ಬಿಟ್ಟುಹೋದ ಕಟ್ಟಡವನ್ನು ರೀಜೆನೆರಾನ್ ಜೈವಿಕ ಔಷಧ ಘಟಕವಾಗಿಸಿತು. ನಡುವಿನ ವರ್ಷಗಳ ಬೇಗೆ ಮಾತ್ರ ಕೆಲಸ ಕಳೆದುಕೊಂಡ ಮನೆಗಳಿಗೇ ಗೊತ್ತು. ಒಂದೇ ಕಂಪನಿಯನ್ನು ನೆಚ್ಚಿದ ಪ್ರದೇಶಕ್ಕೆ ಅದು ಎದ್ದು ಹೋಗುವ ಮುಂಚೆಯೇ ಎರಡನೆಯದನ್ನು ಹುಡುಕಬೇಕು.

ವಾಟರ್‌ಫರ್ಡಿನ ಕಥೆಗೆ ಬೆಂಗಳೂರಿನ ನಂಟಿದೆ. 2011ರಲ್ಲಿ ಬ್ರಿಟನ್ನಿನ ಟೆಲಿಕಾಂ ಕಂಪನಿ ಟಾಕ್‌ಟಾಕ್ ಅಲ್ಲಿನ ಕಾಲ್ ಸೆಂಟರ್ ಮುಚ್ಚಿ 575 ಜನ ಬೀದಿಗೆ ಬಿದ್ದರು. ಅದೇ ವರ್ಷ ಆ ಊರಲ್ಲಿ ಐಶ್‌ಟೆಕ್ ಎಂಬ ಹೊಸ ಕಾಲ್ ಸೆಂಟರ್ ಕಂಪನಿ ಹುಟ್ಟಿತು. 2019ರಲ್ಲಿ ಅದನ್ನು ಇನ್ಫೋಸಿಸ್ ಬಿಪಿಎಂ ಕೊಂಡಾಗ ಸುಮಾರು 1,400 ನೌಕರರಿದ್ದರು.

ಒಂದು ಬದಲಾವಣೆ ತುರ್ತಾಗಿ ಆಗಬೇಕು. ಐಡಿಎ ನಮ್ಮ ಕೌಂಟಿಗೆ ಎಷ್ಟು ಕಂಪನಿಗಳನ್ನು ಕರೆತಂದು ಜಾಗ ತೋರಿಸಿತು ಎಂದು ಸಂಸದರು ಮತ್ತೆ ಮತ್ತೆ ಕೇಳುತ್ತಾರೆ. ಭೇಟಿಗಳ ಎಣಿಕೆಯಿಂದ ಏನು ಗೊತ್ತಾಗುತ್ತದೆ? ಈಗಾಗಲೇ ಅಲ್ಲಿರುವ ಕಂಪನಿ ಇನ್ನೊಂದು ತಯಾರಿಕಾ ಲೈನ್ ಹಾಕಿದರೆ ಅದು ಭೇಟಿಯ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಹೊಸ ಹೂಡಿಕೆಯ ಬಹುಪಾಲು ಬರುವುದು ಹಾಗೆಯೇ. ಪ್ರತಿ ಊರಿಗೂ ಘೋಷಿಸಿದ ಕೆಲಸ ಎಷ್ಟು, 5 ವರ್ಷದ ನಂತರ ಉಳಿದದ್ದೆಷ್ಟು, ಇವೆರಡನ್ನೂ ಅಕ್ಕಪಕ್ಕ ಇಟ್ಟು ಪ್ರಕಟಿಸಲಿ.