ಲೋಡ್ ಮಾಡಿದವನೇ ಹೊಣೆ

ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿ. 14 ವರ್ಷದಿಂದ ಇದೇ ನನ್ನ ರೂಟ್. ಆಫೀಸಿಗೆ ಹೋದರೆ ಅಲ್ಲೂ ರೂಟ್‌ಗಳದ್ದೇ ಕೆಲಸ. ಒಬ್ಬರ ಸಿಸ್ಟಮ್‌ನಿಂದ ಬಂದ ಫೈಲನ್ನು ಇನ್ನೊಬ್ಬರ ಸಿಸ್ಟಮ್‌ಗೆ ಅವರಿಗೆ ಬೇಕಾದ ರೂಪದಲ್ಲಿ ಮುಟ್ಟಿಸುವುದು. ಇದಕ್ಕೆ ನಾವು ಬಳಸುವುದು ಅಪಾಚೆ ಕ್ಯಾಮೆಲ್ ಎಂಬ ಜಾವಾ ಸಾಫ್ಟ್‌ವೇರ್. 2007ರಲ್ಲಿ ಹುಟ್ಟಿದ ಒಂಟೆ. ಎಷ್ಟು ಹೇರಿದರೂ ಹೊರುತ್ತದೆ, ಒದೆಯುವಾಗ ಮಾತ್ರ ಹೇಳಿ ಒದೆಯುವುದಿಲ್ಲ.

ನಮ್ಮಲ್ಲಿ ರೂಟ್‌ಗಳನ್ನೆಲ್ಲ ಒಮ್ಮೆಗೇ ಕೋಡಿನಲ್ಲಿ ಬರೆದಿಟ್ಟಿಲ್ಲ. ಹೊಸ ಡಿಸ್ಟ್ರಿಬ್ಯೂಟರ್ ಸೇರಿದರೆ ಅವರಿಗೊಂದು ಎಕ್ಸ್‌ಎಂಎಲ್ ಫೈಲ್ ಬರೆದು ಫೋಲ್ಡರ್‌ಗೆ ಹಾಕಿದರಾಯಿತು. ನಮ್ಮ ಲೋಡರ್ ಅದನ್ನು ಓದಿ, ಓಡುತ್ತಿರುವ ಕ್ಯಾಮೆಲ್‌ಗೆ ಹೊಸ ರೂಟ್ ಸೇರಿಸುತ್ತದೆ. ಸರ್ವರ್ ನಿಲ್ಲಿಸುವ ಹಂಗಿಲ್ಲ. ಓಡುವ ಲೋಕಲ್‌ಗೆ ಇನ್ನೊಂದು ಡಬ್ಬಿ ಸಿಕ್ಕಿಸಿದ ಹಾಗೆ. ಈ ಸೌಕರ್ಯವನ್ನು ನಾನೇ ಮೀಟಿಂಗ್‌ನಲ್ಲಿ ಎದೆಯುಬ್ಬಿಸಿ ಹೇಳಿಕೊಂಡವನು, ಆದ್ದರಿಂದ ಮುಂದಿನ ಕಥೆಯಲ್ಲಿ ಬೈಗುಳದ ಮೊದಲ ಪಾಲು ನನಗೇ.

ಒಂದು ಶುಕ್ರವಾರ ಸಂಜೆ ಹೊಸ ರೂಟ್ ಹಾಕಿ ಎಲ್ಲರೂ ಮನೆಗೆ ಹೋದೆವು. ರಾತ್ರಿ, ಫೈಲ್ ಮುಟ್ಟಬೇಕಿದ್ದ ಕಡೆಯವರು ತಮ್ಮ ಸರ್ವರನ್ನು ರಿಪೇರಿಗೆ ನಿಲ್ಲಿಸಿದರು. ನಮ್ಮ ಫೋಲ್ಡರಿಗೆ ಒಂದು ಫೈಲ್ ಬಂತು. ಒಂದೇ ಒಂದು. ಕ್ಯಾಮೆಲ್‌ನ ಫೈಲ್ ಕಾಂಪೊನೆಂಟ್, ಅಂದರೆ ಫೋಲ್ಡರನ್ನು ಕಾಯುವ ಭಾಗ, ಕೆಲಸ ಮುಗಿದ ಫೈಲನ್ನು ಡಾಟ್ ಕ್ಯಾಮೆಲ್ ಎಂಬ ಒಳಫೋಲ್ಡರಿಗೆ ಸರಿಸುತ್ತದೆ. ಕೆಲಸ ಕೆಟ್ಟರೆ ಎಲ್ಲಿತ್ತೋ ಅಲ್ಲೇ ಬಿಡುತ್ತದೆ. ಬೇರೇನೂ ಹೇಳದಿದ್ದರೆ 500 ಮಿಲಿಸೆಕೆಂಡ್ ಬಿಟ್ಟು ಮತ್ತೆ ಬಂದು ನೋಡುತ್ತದೆ, ಫೈಲ್ ಅಲ್ಲೇ ಇದೆ, ಮತ್ತೆ ಎತ್ತಿಕೊಳ್ಳುತ್ತದೆ, ಮತ್ತೆ ಕೆಡುತ್ತದೆ. ಸೆಕೆಂಡಿಗೆ ಎರಡು ಸಲ, ಗಂಟೆಗೆ ಹೆಚ್ಚುಕಡಿಮೆ 7,000 ಸಲ, ಪ್ರತಿ ಸಲವೂ ಲಾಗ್‌ನಲ್ಲಿ ಮಾರುದ್ದದ ಸ್ಟ್ಯಾಕ್ ಟ್ರೇಸ್, ಅಂದರೆ ತಪ್ಪು ಎಲ್ಲಾಯಿತು ಎಂಬ ಸಾಲುಸಾಲು ವರದಿ. ಬೆಳಗಿನ ಜಾವಕ್ಕೆ ಡಿಸ್ಕ್ ತುಂಬಿ, ಏನೂ ತಪ್ಪು ಮಾಡದ ಉಳಿದ ರೂಟ್‌ಗಳೂ ಮಲಗಿಬಿಟ್ಟವು.

ಶನಿವಾರ ಬೆಳಿಗ್ಗೆ ಫೋನ್ ಮಾಡಿದ್ದು ನಮ್ಮ ತಂಡದ ಹುಡುಗ, ವಿಜಯಪುರದ ಕಡೆಯವನು. "ಸರ, ಮ್ಯಾಲೇ ಆನ್‌ಎಕ್ಸೆಪ್ಶನ್ ಹಾಕೇವಲ್ರಿ. ಎಲ್ಲಾ ರೂಟಿಗೂ ಅದ ಹತ್ತಬೇಕಲ್ರಿ?"

ಆನ್‌ಎಕ್ಸೆಪ್ಶನ್ ಎಂದರೆ ತಪ್ಪಾದಾಗ ಏನು ಮಾಡಬೇಕೆಂಬ ನಿಯಮ. ಎಲ್ಲ ರೂಟಿಗೂ ಅದು ಹತ್ತುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಜಾವಾದಲ್ಲಿ ಒಂದು ರೂಟ್‌ಬಿಲ್ಡರ್ ಕ್ಲಾಸ್ ಬರೆದು, ರೂಟ್‌ಗಳಿಗಿಂತ ಮೊದಲು ಆನ್‌ಎಕ್ಸೆಪ್ಶನ್ ಬರೆದರೆ ಅದು ಆ ಕ್ಲಾಸಿನೊಳಗಿನ ರೂಟ್‌ಗಳಿಗೆ ಮಾತ್ರ. 'ಗ್ಲೋಬಲ್' ಎಂದು ಬಾಯಲ್ಲಿ ಹೇಳುತ್ತೇವೆ, ಆದರೆ ಅದರ ಗ್ಲೋಬು ಆ ಕ್ಲಾಸಿನಷ್ಟೇ ದೊಡ್ಡದು. ಚಾಳಿನಲ್ಲಿ ಒಂದು ಖೋಲಿಯ ಕಟ್ಟುಪಾಡು ಪಕ್ಕದ ಖೋಲಿಗೆ ಇರುತ್ತದೆಯೇ? ಆಮೇಲೆ ಎಕ್ಸ್‌ಎಂಎಲ್‌ನಿಂದ ಲೋಡ್ ಆದ ರೂಟ್ ಬೇರೆ ಖೋಲಿಗೆ ಬಂದ ಹೊಸ ಬಿಡಾರ. ಅದಕ್ಕೆ ಸಿಗುವುದು ಕ್ಯಾಮೆಲ್‌ನ ಡೀಫಾಲ್ಟ್ ಎರರ್ ಹ್ಯಾಂಡ್ಲರ್ ಮಾತ್ರ. ಅದು ಮರುಪ್ರಯತ್ನ ಮಾಡುವುದಿಲ್ಲ, ತಪ್ಪನ್ನು ಲಾಗ್‌ಗೆ ಬರೆದು ಕರೆದವನ ಕೈಗೇ ವಾಪಸ್ ಕೊಡುತ್ತದೆ. ನಮ್ಮ ಪ್ರಸಂಗದಲ್ಲಿ ಕರೆದವನು ಆ ಫೈಲ್ ಕಾಂಪೊನೆಂಟ್. ಅದು ಮಾಡಿದ್ದೇನು ಎಂದು ಮೇಲೆ ಹೇಳಿದೆ.

ಆಮೇಲೆ ಮೇಲಿನವರ ಒತ್ತಡಕ್ಕೆ ನಾವು ಮಾಡಿದ ಅವಸರದ ರಿಪೇರಿ ಇನ್ನೂ ಘೋರ. ಕಾಂಟೆಕ್ಸ್ಟ್‌ಗೇ, ಅಂದರೆ ರೂಟ್‌ಗಳೆಲ್ಲ ಓಡುವ ಕ್ಯಾಮೆಲ್‌ನ ಆವರಣಕ್ಕೇ, ಒಂದು ಡೆಡ್ ಲೆಟರ್ ಚಾನೆಲ್ ಕೂರಿಸಿ, ಇನ್ನು ಲೋಡ್ ಆಗುವ ರೂಟ್‌ಗಳಿಗೆಲ್ಲ ಅದೇ ಎಂದು ಮಾಡಿದೆವು. ಕೆಲಸ ಕೆಟ್ಟ ಮೆಸೇಜ್, ಅಂದರೆ ಫೈಲಿನಲ್ಲಿ ಬಂದ ಸರಕು, ಪಕ್ಕದ ಒಂದು ಕ್ಯೂಗೆ ಹೋಗಿ ಬೀಳುತ್ತದೆ. ಲಾಗ್ ತಣ್ಣಗಾಯಿತು. ಎಲ್ಲರಿಗೂ ಖುಷಿ. ಮೂರು ವಾರದ ನಂತರ ಒಬ್ಬ ಡಿಸ್ಟ್ರಿಬ್ಯೂಟರ್ ಕೇಳಿದ: ನಾನು ಕಳಿಸಿದ ಆರ್ಡರ್ ಎಲ್ಲಿ? ನೋಡಿದರೆ ಫೈಲ್ ಡಾಟ್ ಕ್ಯಾಮೆಲ್‌ನಲ್ಲಿ ಶಿಸ್ತಾಗಿ ಕೂತಿದೆ, ಅಂದರೆ ಕೆಲಸ ಸುಸೂತ್ರ ಮುಗಿದಿದೆ ಎಂದು ಅರ್ಥ. ಆರ್ಡರ್ ಮಾತ್ರ ಯಾರೂ ಇಣುಕಿ ನೋಡದ ಆ ಕ್ಯೂನಲ್ಲಿ.

ಡೆಡ್ ಲೆಟರ್ ಚಾನೆಲ್‌ನ ಸ್ವಭಾವವೇ ಅದು. ಮೆಸೇಜನ್ನು ಪಕ್ಕಕ್ಕೆ ಇಟ್ಟ ಕೂಡಲೇ ತಪ್ಪು 'ಹ್ಯಾಂಡಲ್ಡ್' ಎಂದು ಪರಿಗಣಿಸುತ್ತದೆ. ಕರೆದವನಿಗೆ ಯಶಸ್ಸಿನ ಸುದ್ದಿಯೇ ಮುಟ್ಟುತ್ತದೆ.

ಇದನ್ನು ನಾನು ನಮ್ಮ ಹುಡುಗನಿಗೆ ವಿವರಿಸಿದ್ದು ಸಿಎಸ್‌ಎಂಟಿ ಹತ್ತಿರದ ಜಿಪಿಒ, ಅಂದರೆ ಮುಂಬೈನ ದೊಡ್ಡ ಅಂಚೆ ಕಚೇರಿ, ಅದರ ಮುಂದೆ ನಿಂತು. ಆ ಕಡೆ ಏನೋ ಕೆಲಸವಿತ್ತು, ಒಟ್ಟಿಗೆ ಹೋಗಿದ್ದೆವು. ಗುಮ್ಮಟ ನೋಡಿ ಅವನು, "ಸರ, ಇದು ನಮ್ಮ ಗೋಲಗುಮ್ಮಟ ಆದಂಗ ಐತಲ್ರಿ!" ಎಂದ. ಹೌದು, ಅದರದ್ದೇ ಮಾದರಿ, 1913ರಲ್ಲಿ ಮುಗಿದ ಕಟ್ಟಡ. ಅವನೂರಿನ ಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುದನಿ ಎನ್ನುತ್ತಾರೆ, ನಮ್ಮ ಲಾಗ್ ಗಂಟೆಗೆ ಏಳು ಸಾವಿರ ಸಲ ಕೂಗಿತ್ತು ಎಂದು ಇಬ್ಬರೂ ನಕ್ಕೆವು.

ನನ್ನ ಅಪ್ಪ ಫೋರ್ಟಿನ ಹೋಟೆಲೊಂದರಲ್ಲಿ ಇದ್ದಾಗ ಊರಿಗೆ ಎಂ.ಓ. (ಮನಿ ಆರ್ಡರ್) ಕಳಿಸುತ್ತಿದ್ದುದು ಇದೇ ಕಟ್ಟಡದಿಂದ. ಕುಂದಾಪುರದ ಬದಿಯ ಹಳ್ಳಿಯಲ್ಲಿ ಅಂಚೆಯಣ್ಣ ಅಜ್ಜಿಯ ಕೈಗೆ ದುಡ್ಡು ಎಣಿಸಿ ಕೊಟ್ಟು, ಫಾರಮ್ಮಿನ ಅಡಿಯ ಚೀಟಿಗೆ ಅಜ್ಜಿಯ ಎಡ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಆ ಚೀಟಿ ಬೊಂಬಾಯಿಗೆ ವಾಪಸ್ ಬರುತ್ತಿತ್ತು. ಅಪ್ಪ ಅವನ್ನೆಲ್ಲ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ. ನೀಲಿ ಶಾಯಿ, ಕೆಲವು ಹೆಬ್ಬೆಟ್ಟು ನೀಟಾಗಿ ಬಿದ್ದಿವೆ, ಕೆಲವು ಕಲಸಿಹೋಗಿವೆ. ಅಜ್ಜಿ ಮನೆಯಲ್ಲಿಲ್ಲ, ಅಂಚೆಯಣ್ಣ ದುಡ್ಡನ್ನು ಎಲ್ಲೋ ಒಂದು ಪೆಟ್ಟಿಗೆಯಲ್ಲಿಟ್ಟು ಹೆಬ್ಬೆಟ್ಟಿನ ಚೀಟಿ ಮಾತ್ರ ಕಳಿಸಿದ ಅಂದುಕೊಳ್ಳಿ. ಅವನ ದೃಷ್ಟಿಯಲ್ಲಿ ದುಡ್ಡು ಭದ್ರವಾಗಿದೆ. ಅಪ್ಪನ ದೃಷ್ಟಿಯಲ್ಲಿ ಮುಟ್ಟಿದೆ. ಅಜ್ಜಿಗೆ ಅಂಗಡಿಯಲ್ಲಿ ಸಾಲ. ನಮ್ಮ ಆ ರಿಪೇರಿ ಇದೇ ಕೆಲಸ ಮಾಡಿತ್ತು.

ಹಾಗೆಂದು ಡೆಡ್ ಲೆಟರ್ ಚಾನೆಲ್ ಬೇಡವೆನ್ನುವ ಪಂಗಡದವನಲ್ಲ ನಾನು. ಅದನ್ನು ದಿನಾ ತೆರೆದು ನೋಡುವ ಒಬ್ಬ ಮನುಷ್ಯ ಇರಬೇಕು, ಅಷ್ಟೆ. ಜೊತೆಗೆ ಯೂಸ್ ಒರಿಜಿನಲ್ ಮೆಸೇಜ್ ಎಂದು ಹೇಳಿರಬೇಕು. ಇಲ್ಲದಿದ್ದರೆ ಕ್ಯೂಗೆ ಬೀಳುವುದು ಅರ್ಧ ಬೆಂದ ಮೆಸೇಜ್; ಬಂದ ರೂಪವೂ ಅಲ್ಲ, ಹೋಗಬೇಕಾದ ರೂಪವೂ ಅಲ್ಲ.

ಈಗಿನ ದಾರಿ ಬೇರೆ. ಕ್ಯಾಮೆಲ್ 3.12ರಿಂದ ರೂಟ್ ಕಾನ್ಫಿಗರೇಶನ್ ಎಂಬುದೊಂದು ಬಂದಿದೆ. ತಪ್ಪಿನ ನಿಯಮಗಳನ್ನು ರೂಟ್‌ಗಳಿಂದ ಹೊರಗೆ, ತನ್ನದೇ ಕ್ಲಾಸಿನಲ್ಲೋ ಫೈಲಿನಲ್ಲೋ ಬರೆದು ಒಂದು ಐಡಿ ಕೊಡಬಹುದು. ಜಾವಾ, ಎಕ್ಸ್‌ಎಂಎಲ್, ಯಾಮಲ್, ಯಾವುದರಿಂದ ಲೋಡ್ ಆದ ರೂಟ್ ಆದರೂ ಆ ಐಡಿಯನ್ನು ಹೆಸರಿಸಿ ನಿಯಮಗಳ ಅಡಿ ಬರಬಹುದು. ಐಡಿ ಇಲ್ಲದ ಕಾನ್ಫಿಗರೇಶನ್ ಬರೆದರೆ, ಏನನ್ನೂ ಹೆಸರಿಸದ ರೂಟ್‌ಗಳಿಗೆಲ್ಲ ಅದೇ ಆಸರೆ. ಒಂದೇ ಎಚ್ಚರ: ರೂಟ್ ಬರುವ ಮುಂಚೆ ನಿಯಮ ಒಳಗಿರಬೇಕು.

ಐಡಿ ಇಲ್ಲದ ಒಂದನ್ನೇ ಬರೆದು ಕೈತೊಳೆದುಕೊಂಡರೆ ಸಾಲದೇ ಎಂದು ನಮ್ಮಲ್ಲೇ ವಾದವಾಯಿತು. ಸಾಲದು. ಸ್ಟಾಕ್ ವಿವರ ಕಳಿಸುವ ರೂಟ್ ಹತ್ತು ಸಲ ಮರುಪ್ರಯತ್ನಿಸಿದರೂ ಯಾರಿಗೂ ನಷ್ಟವಿಲ್ಲ. ಹಣ ಪಾವತಿಯ ರೂಟ್ ಹಾಗೆ ಮಾಡಿದರೆ? ಅತ್ತ ಕಡೆ ಪಾವತಿ ಆಗಿ, ಉತ್ತರ ಬರುವಷ್ಟರಲ್ಲಿ ಲೈನ್ ಕಡಿದಿದ್ದರೆ, ಮರುಪ್ರಯತ್ನ ಅಂದರೆ ಎರಡನೇ ಪಾವತಿ. ಎರಡಕ್ಕೂ ಒಂದೇ ನಿಯಮ ಬರೆಯುವವನು ಒಂದೋ ಸೋಮಾರಿ, ಇಲ್ಲ ದುಡ್ಡು ಅವನದ್ದಲ್ಲ.

ಇನ್ನೊಂದು ಸಂದಿಯಿದೆ. ಎಸ್‌ಎಫ್‌ಟಿಪಿ (ದೂರದ ಸರ್ವರ್‌ನಿಂದ ಫೈಲ್ ತರುವ ಸುರಕ್ಷಿತ ದಾರಿ) ಪಾಸ್‌ವರ್ಡ್ ಬದಲಾಗಿ ಲಾಗಿನ್ನೇ ಆಗದಿದ್ದರೆ ಮೆಸೇಜ್ ರೂಟ್‌ನ ಹೊಸ್ತಿಲು ದಾಟಿಯೇ ಇರುವುದಿಲ್ಲ. ಒಳಗಿರುವ ಆನ್‌ಎಕ್ಸೆಪ್ಶನ್‌ಗೆ ಅದು ಕಾಣುವುದೇ ಇಲ್ಲ, ಲಾಗ್‌ನಲ್ಲಿ ಒಂದು ಎಚ್ಚರಿಕೆ ಬಂದು ಹೋಗುತ್ತದೆ. ಎಂಡ್‌ಪಾಯಿಂಟ್‌ನಲ್ಲಿ, ಅಂದರೆ ಫೈಲ್ ಎಲ್ಲಿಂದ ತರಬೇಕೆಂಬ ವಿಳಾಸದಲ್ಲಿ, ಥ್ರೋ ಎಕ್ಸೆಪ್ಶನ್ ಆನ್ ಕನೆಕ್ಟ್ ಫೇಲ್ಡ್, ಬ್ರಿಡ್ಜ್ ಎರರ್ ಹ್ಯಾಂಡ್ಲರ್ ಎರಡಕ್ಕೂ ಟ್ರೂ ಎಂದು ಬರೆದರೆ ಮಾತ್ರ ಆ ತಪ್ಪೂ ರೂಟ್‌ನ ನಿಯಮದ ಕೈಗೆ ಬರುತ್ತದೆ.

ನನ್ನ ತಕರಾರು ಇಷ್ಟು. ಇಂಥದ್ದೆಲ್ಲ ಆದಾಗ ಎಲ್ಲ ಕಡೆ ಬೈಸಿಕೊಳ್ಳುವವನು ಆ ರೂಟ್ ಬರೆದವನು. ಅವನು ಯಾರು? ಎಂಟು ತಿಂಗಳ ಹಿಂದೆ ಸೇರಿದ ಹುಡುಗ, ಹಳೆಯ ಎಕ್ಸ್‌ಎಂಎಲ್ ಕಾಪಿ ಹೊಡೆದು ವಿಳಾಸ ಬದಲಿಸಿದವನು. ಬೀಗವಿಲ್ಲದ ಬಾಗಿಲು ಕಟ್ಟಿದವರು ನಾವು ಹಿರಿಯರು. ಓಡುವ ಸಿಸ್ಟಮ್‌ಗೆ ಯಾವ ರೂಟನ್ನು ಬೇಕಾದರೂ ಒಳಗೆ ಬಿಡುವ ಲೋಡರ್ ಬರೆದವನೇ ಅದರ ತಪ್ಪಿಗೂ ಹೊಣೆ. ಅಂದರೆ ಈ ಕಥೆಯಲ್ಲಿ, ನಾನು.

ಹಾಗಾಗಿ ಲೋಡರ್ ಬದಲಾಯಿಸಿದೆ. ಫೈಲ್ ಬಂದರೆ ಮೊದಲು ನೋಡುವುದು ರೂಟ್ ಕಾನ್ಫಿಗರೇಶನ್ ಐಡಿ ಇದೆಯೇ, ಆ ಹೆಸರಿನ ನಿಯಮ ನಿಜವಾಗಿ ಲೋಡ್ ಆಗಿದೆಯೇ ಎಂದು. ಇಲ್ಲದಿದ್ದರೆ ಹೊಸ್ತಿಲಲ್ಲೇ ತಡೆ. ಎಪ್ಪತ್ತು ಸಾಲಿನ ಕೋಡ್, ಎರಡು ಸಂಜೆಯ ಕೆಲಸ. ಮೊದಲೇ ಮಾಡಬಹುದಿತ್ತು.

ಮೊನ್ನೆ ಶುಕ್ರವಾರ ಸಂಜೆ ಆರೂವರೆಗೆ ಐರೋಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿದ್ದೆ, ಹುಡುಗನ ಫೋನ್.

"ಸರ, ಹೊಸಾ ರೂಟು ಒಳಗ ಬಿಡವಲ್ದರಿ."

"ಏನನ್ನುತ್ತದೆ?"

"ಐಡಿ ಎಲ್ಲೈತಿ ಅಂತ ಕೇಳಾಕತ್ತೈತ್ರಿ."

ಠಾಣೆ ಗಾಡಿ ಬಂತು, ಹತ್ತಿದೆ.